ಪ್ರೊವೈಡರ್ ಏರಿಸುವ ಮೊದಲು: ಅಣ್ಣನ ಮಗಳಿಗೆ ಒಂದು ಪತ್ರ

ಶಿರಸಿ,
ಮೇ ತಿಂಗಳ ಕೊನೆ

ಪ್ರೀತಿಯ ಕೂಸೇ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ತಲೆಯಲ್ಲೇ ಸುತ್ತುತ್ತಿದೆ. "ಎರಡು ವರ್ಷದಿಂದ ಯಾರೂ ಟೆರಾಫಾರ್ಮ್ ಪ್ರೊವೈಡರ್ ಮುಟ್ಟಿಲ್ಲ ಅತ್ತೆ. ಶನಿವಾರ ಕೂತು ಎಲ್ಲಾ ಒಂದೇ ಸಲ ಹೊಸದಕ್ಕೆ ಏರಿಸಿಬಿಡ್ತೇನೆ" ಅಂದೆ. ಆಗ ಮನೆ ತುಂಬ ಜನ ಇದ್ದರು, ಸರಿಯಾಗಿ ಮಾತಾಡಲಿಕ್ಕೆ ಆಗಲಿಲ್ಲ. ಅದಕ್ಕೇ ಬರೀತಾ ಇದ್ದೇನೆ. ಶನಿವಾರದೊಳಗೆ ಓದು. ಕ್ಲೌಡಿನ ಸರ್ವರುಗಳನ್ನೆಲ್ಲ ಕೋಡಿನಲ್ಲಿ ಬರೆದು ಕಟ್ಟಿಸುವ ಸಾಧನ ಟೆರಾಫಾರ್ಮ್, ಅದನ್ನು ಒಂದೊಂದು ಕ್ಲೌಡಿಗೆ ಜೋಡಿಸುವ ತುಂಡು ಪ್ರೊವೈಡರ್.

ಇಲ್ಲಿ ಅಡಿಕೆ ತೋಟಕ್ಕೆ ಮದ್ದು ಹೊಡೆಯುವ ಕೆಲಸ ಶುರುವಾಯಿತು. ಇವತ್ತು ಬೆಳಗ್ಗೆ ನಾನೇ ನಿಂತು ಬೋರ್ಡೋ ದ್ರಾವಣ ಮಾಡಿಸಿದೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯುತ್ತಾ ಕೋಲಿನಿಂದ ತಿರುಗಿಸಬೇಕು. ಹದ ಬಂತೋ ಇಲ್ಲವೋ ನೋಡಲಿಕ್ಕೆ ನಿನ್ನ ಅಜ್ಜ ಏನು ಮಾಡ್ತಿದ್ದರು, ನೆನಪಿದೆಯಾ? ಕತ್ತಿಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ, ಆ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೀತಿದ್ದರು. ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ. ಹಾಗೇ ಹೊಡೆದರೆ ಎಳೆಕಾಯಿ ಮಿಳ್ಳೆ, ಹೂಗೊಂಚಲು ಸಿಂಗಾರ ಎಲ್ಲಾ ಸುಟ್ಟುಹೋಗುತ್ತದೆ. ಕತ್ತಿಗೆ ಮೊದಲೇ ತುಕ್ಕು ಹಿಡಿದಿದ್ದರೆ ಕೆಂಪು ಯಾವುದು ತುಕ್ಕಿನದು, ಯಾವುದು ತುತ್ತದ್ದು ಅಂತ ಗೊತ್ತೇ ಆಗುವುದಿಲ್ಲ.

ನಿನ್ನ ಪ್ಲಾನ್, ಅಂದರೆ ಏನೇನು ಬದಲಾಗುತ್ತದೆ ಅಂತ ಟೆರಾಫಾರ್ಮ್ ಮೊದಲೇ ತೋರಿಸುವ ಪಟ್ಟಿ, ಆ ಕತ್ತಿ ಇದ್ದ ಹಾಗೆ. ಹಳೇ ಪ್ರೊವೈಡರ್ ಇಟ್ಟುಕೊಂಡೇ ಮೊದಲು ಒಂದು ಪ್ಲಾನ್ ಓಡಿಸು. "ಯಾವ ಬದಲಾವಣೆಯೂ ಇಲ್ಲ" ಅಂತ ಬರುವ ತನಕ ಹೊಸ ಪ್ರೊವೈಡರ್ ಇಳಿಸಬೇಡ. ಕ್ಲೌಡಿನ ವೆಬ್ ಪುಟ, ಅಂದರೆ ಕನ್ಸೋಲಿನಲ್ಲಿ ಯಾರೋ ಕೈಯಿಂದ ಬದಲಿಸಿದ್ದು ಇರುತ್ತದೆ, ಯಾರೋ ಅರ್ಧಕ್ಕೆ ಬಿಟ್ಟದ್ದು ಇರುತ್ತದೆ. ಒಂದೊಂದನ್ನೇ ಕೋಡಿಗೆ ಸೇರಿಸು, ಇಲ್ಲವೇ ತೆಗೆ. ಬೇಜಾರಿನ ಕೆಲಸ, ಎರಡು ಮೂರು ದಿನ ಹಿಡಿಯಬಹುದು. ಹಿಡಿಯಲಿ. ಆಮೇಲೆ ಹೊಸ ಪ್ರೊವೈಡರ್ ಇಳಿಸಿ ಪ್ಲಾನ್ ಓಡಿಸಿದಾಗ ಕಾಣುವ ಪ್ರತಿ ಸಾಲೂ ಆ ಪ್ರೊವೈಡರ್‌ನಿಂದಲೇ ಬಂದದ್ದು ಅಂತ ಧೈರ್ಯವಾಗಿ ಹೇಳಬಹುದು.

ನಾನು ಬೆಂಗಳೂರಿನಲ್ಲಿದ್ದಾಗ ಇದನ್ನು ಮಾಡಿರಲಿಲ್ಲ. ಕೋಡಿನಲ್ಲಿ ಪ್ರೊವೈಡರ್‌ಗೆ ವರ್ಷನ್ನೇ ಬರೆದಿರಲಿಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಪ್ರೊವೈಡರ್ ಇಳಿಸುವ ಇನಿಟ್ ಆಜ್ಞೆ ಕೊಟ್ಟೆ, ಅದು ಎಲ್ಲಕ್ಕಿಂತ ಹೊಸದನ್ನೇ ಇಳಿಸಿಕೊಂಡಿತು. ಪ್ಲಾನ್ ಉದ್ದಕ್ಕೆ ಬಂತು. ನಮ್ಮಲ್ಲಿ ಅದು ಯಾವಾಗಲೂ ಉದ್ದವೇ, ಹಾಗಾಗಿ ಅನುಮಾನ ಬರಲಿಲ್ಲ. ಕೊನೇ ಸಾಲು ಮಾತ್ರ ಓದಿದೆ, ಮೂರು ಅಳಿಸಿಹೋಗುತ್ತವೆ ಅಂತಿತ್ತು. ಹಳೇ ಕಸ ಇರಬೇಕು ಅಂದುಕೊಂಡು ‘ಯೆಸ್’ ಅಂತ ಟೈಪ್ ಮಾಡಿದೆ. ಆ ಮೂರರಲ್ಲಿ ಒಂದು ಕ್ಲಸ್ಟರ್‌ನ ನೋಡ್ ಗ್ರೂಪ್, ಅಂದರೆ ಕ್ಲಸ್ಟರ್ ಕೆಲಸ ಮಾಡುವ ಸರ್ವರುಗಳ ಗುಂಪು. ಅದರ ಪಕ್ಕದಲ್ಲಿ ‘ಫೋರ್ಸಸ್ ರಿಪ್ಲೇಸ್‌ಮೆಂಟ್’ ಅಂತ ಸ್ಪಷ್ಟವಾಗಿ ಬರೆದಿತ್ತು. ನಾವು ಬೇರೆ ಹೇಳದಿದ್ದರೆ ಟೆರಾಫಾರ್ಮ್ ಹಳೆಯದನ್ನು ಮೊದಲು ತೆಗೆದು ಆಮೇಲೆ ಹೊಸದನ್ನು ಕಟ್ಟುತ್ತದೆ. ನೋಡುನೋಡುತ್ತಿದ್ದಂತೆ ಆ ಸರ್ವರುಗಳ ಮೇಲೆ ಓಡುವ ನಮ್ಮ ಪ್ರೋಗ್ರಾಮುಗಳು, ಅಂದರೆ ಪಾಡ್‌ಗಳೆಲ್ಲ ‘ಪೆಂಡಿಂಗ್’ ಆಗಿ ನಿಂತವು. ಆ ಪರದೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಗಾಬರಿಯಲ್ಲಿ ಹಳೇ ಪ್ರೊವೈಡರ್‌ಗೆ ವಾಪಸ್ ಹೋಗಲಿಕ್ಕೆ ನೋಡಿದೆ. ಆಗಲಿಲ್ಲ. ಹೊಸ ಪ್ರೊವೈಡರ್, ಟೆರಾಫಾರ್ಮ್ ಕಟ್ಟಿದ್ದರ ಲೆಕ್ಕ ಇಡುವ ಸ್ಟೇಟ್ ಫೈಲನ್ನು ತನ್ನ ಹೊಸ ರೀತಿಯಲ್ಲಿ ಬರೆದುಬಿಟ್ಟಿತ್ತು, ಹಳೆಯದಕ್ಕೆ ಅದನ್ನು ಓದಲಿಕ್ಕೇ ಬರಲಿಲ್ಲ. ಹಳೇ ಸ್ಟೇಟ್‌ನ ಪ್ರತಿ ಇತ್ತು, ಆದರೆ ಅದರಲ್ಲಿ ಇದ್ದದ್ದು ಆಗಲೇ ಹೋಗಿಬಿಟ್ಟ ನೋಡ್‌ಗಳ ಲೆಕ್ಕ. ಹೊಸ ನೋಡ್‌ಗಳು ಮೇಲೇಳುವ ತನಕ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಪ್ಲಾನ್ ಎಷ್ಟು ಸಲ ಬೇಕಾದರೂ ಓಡಿಸು, ಏನೂ ಹೋಗುವುದಿಲ್ಲ. ಬದಲಾವಣೆ ನಿಜಕ್ಕೂ ಮಾಡುವ ಅಪ್ಲೈ ಆದ ಮೇಲೆ ಮುಂದಿನ ದಾರಿ ಮಾತ್ರ. ಸ್ಟೇಟ್ ಇಟ್ಟ ಬಕೆಟ್‌ಗೆ (ಕ್ಲೌಡಿನಲ್ಲಿ ಫೈಲ್ ಇಡುವ ಜಾಗ) ಹಳೇ ಪ್ರತಿಗಳನ್ನೂ ಉಳಿಸುವ ವರ್ಷನಿಂಗ್ ಹಾಕಿದ್ದಾರಾ ಅಂತ ಇವತ್ತೇ ನೋಡು. ನೋಡ್ ಗ್ರೂಪ್‌ಗೆ ಹೊಸದನ್ನು ಮೊದಲು ಕಟ್ಟುವ ‘ಕ್ರಿಯೇಟ್ ಬಿಫೋರ್ ಡಿಸ್ಟ್ರಾಯ್’ ಬರೆದಿಡು. ಡೇಟಾಬೇಸ್‌ಗೆ ಅಳಿಸದಂತೆ ತಡೆಯುವ ‘ಪ್ರಿವೆಂಟ್ ಡಿಸ್ಟ್ರಾಯ್’ ಇಲ್ಲದಿದ್ದರೆ ಈ ಕೆಲಸಕ್ಕೆ ಕೈಯೇ ಹಾಕಬೇಡ.

ಇನ್ನು ‘ಎಲ್ಲಾ ಒಂದೇ ಸಲ’ ಅನ್ನುವ ಮಾತು. ಅದನ್ನು ಬಿಟ್ಟುಬಿಡು ಕೂಸೇ. ಪ್ರೊವೈಡರ್ ವರ್ಷನ್ ಮೂರರಿಂದ ನಾಲ್ಕಕ್ಕೆ, ನಾಲ್ಕರಿಂದ ಐದಕ್ಕೆ, ಒಂದೊಂದೇ ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಅವರದೇ ಅಪ್‌ಗ್ರೇಡ್ ಗೈಡ್ ಇರುತ್ತದೆ, ಪೂರ್ತಿ ಓದು. ಒಂದು ದಿನಕ್ಕೆ ಒಂದೇ ಪ್ರೊವೈಡರ್. ಟೆರಾಫಾರ್ಮ್ ಅನ್ನೇ ಏರಿಸುವುದು ಇನ್ನೊಂದು ದಿನದ ಕೆಲಸ.

ಹಾಗಂತ ಹೊಸದು ಬಂದ ದಿನವೇ ಓಡಿಹೋಗುವುದೂ ಬೇಡ. 2022ರ ಫೆಬ್ರವರಿಯಲ್ಲಿ ಅಮೆಜಾನ್ ಕ್ಲೌಡಿನ ಎಡಬ್ಲ್ಯೂಎಸ್ ಪ್ರೊವೈಡರ್ 4.0 ಬಂತು. ಎಸ್3 ಬಕೆಟ್ ಒಳಗೇ ಬರೆಯುತ್ತಿದ್ದ ಲಾಗಿಂಗ್, ವರ್ಷನಿಂಗ್, ಎನ್‌ಕ್ರಿಪ್ಶನ್ ಎಲ್ಲಾ ಬೇರೆ ಬೇರೆ ರಿಸೋರ್ಸ್, ಅಂದರೆ ಕೋಡಿನಲ್ಲಿ ಬೇರೆಯಾಗಿ ಬರೆಯಬೇಕಾದ ವಸ್ತು, ಆಗಿಬಿಟ್ಟವು. ಹಳೇ ಕೋಡ್ ಎಲ್ಲಾ ಕಡೆ ಮುರಿದು ಬಿತ್ತು. ಜನ ಜಾಸ್ತಿ ಕಷ್ಟಪಟ್ಟರು ಅಂತ ಎರಡು ತಿಂಗಳೊಳಗೆ 4.9ರಲ್ಲಿ ಅದನ್ನು ಸಡಿಲಿಸಿದರು. ಮೊದಲ ವಾರವೇ ಏರಿಸಿದವರು ನೂರಾರು ಸಾಲು ತಿದ್ದಿದ್ದರು. ಸ್ವಲ್ಪ ತಡೆದವರಿಗೆ ಅಷ್ಟು ತೊಂದರೆ ಇರಲಿಲ್ಲ. ಹೊಸ ಮೇಜರ್ ವರ್ಷನ್‌ಗೆ ಒಂದೆರಡು ತಿಂಗಳು ಬಿಡು, ಎರಡು ವರ್ಷ ಬಿಡಬೇಡ. ಮಳೆ ಹಿಡಿದು ಕೊಳೆರೋಗ ಬಂದ ಮೇಲೆ ಮದ್ದಿಗೆ ಓಡಾಡಿದ ಹಾಗೆ ಆಗುತ್ತದೆ.

ಯಾಕೆ ಅಂದರೆ, ನೀನು ನಿಂತಿದ್ದರೂ ಕ್ಲಸ್ಟರ್ ನಿಲ್ಲುವುದಿಲ್ಲ. ಕ್ಲಸ್ಟರ್ ನಡೆಸುವ ಕುಬರ್ನೆಟಿಸ್ ವರ್ಷಕ್ಕೆ ಮೂರು ಸಲ ಹೊಸದಾಗಿ ಬರುತ್ತದೆ. ಒಂದೊಂದಕ್ಕೆ ಸುಮಾರು 14 ತಿಂಗಳು ಮಾತ್ರ ಬೆಂಬಲ. 2021ರ ಆಗಸ್ಟ್‌ನಲ್ಲಿ 1.22 ಬಂದಾಗ ಹೊರಗಿನ ವೆಬ್ ಕರೆಗಳನ್ನು ಕ್ಲಸ್ಟರ್ ಒಳಗೆ ಬಿಡುವ ಇಂಗ್ರೆಸ್‌ನ ಹಳೇ ಬೀಟಾ ರೂಪ ತೆಗೆದುಹಾಕಿದರು. ನಮ್ಮ ಕೋಡಿನಲ್ಲಿ ಅದೇ ಹಳೇ ರಿಸೋರ್ಸ್ ಇತ್ತು. ಮೊದಲು ಪ್ರೊವೈಡರ್ ಏರಿಸಿ, ಕೋಡನ್ನು ‘ವಿ1’ ಇಂಗ್ರೆಸ್‌ಗೆ ಬದಲಿಸಿ, ಆಮೇಲೆ ಕ್ಲಸ್ಟರ್ ಏರಿಸಬೇಕಿತ್ತು. ಆ ಸಲ ಈ ಕ್ರಮ ತಪ್ಪಿಸಲಿಲ್ಲ, ಯಾರಿಗೂ ಗೊತ್ತಾಗದ ಹಾಗೆ ಕೆಲಸ ಮುಗಿಯಿತು. ನಿನ್ನ ಕೋಡಿನಲ್ಲೂ ಹೆಸರಿನ ಕೊನೆಗೆ ‘ವಿ1’ ಇಲ್ಲದ ಇಂಗ್ರೆಸ್ ಇದೆಯಾ ಹುಡುಕು. ಹೆಸರು ಬದಲಿಸಿದರೆ ಟೆರಾಫಾರ್ಮ್ ಅದನ್ನು ಬೇರೆ ವಸ್ತು ಅಂದುಕೊಂಡು ಹಳೆಯದನ್ನು ಅಳಿಸಲಿಕ್ಕೆ ಹೊರಡುತ್ತದೆ. ಸ್ಟೇಟ್‌ನಿಂದ ಹಳೆಯದನ್ನು ಬಿಡಿಸಿ, ಹೊಸ ಹೆಸರಿನಲ್ಲಿ ಇಂಪೋರ್ಟ್ ಮಾಡು.

ಪ್ರೊವೈಡರ್‌ನ ಯಾವ ವರ್ಷನ್ ಅಂತ ಬರೆದಿಡುವ ಲಾಕ್ ಫೈಲ್, ಕೋಡ್ ಇಡುವ ಗಿಟ್‌ನಲ್ಲಿ ಇದೆಯಾ? 2020ರ ಕೊನೆಗೆ ಬಂದ ಟೆರಾಫಾರ್ಮ್ 0.14ರಿಂದ ಅದು ತಾನಾಗಿ ಹುಟ್ಟುತ್ತದೆ, ಸುಮಾರು ಜನ ಅದನ್ನು ಕಮಿಟ್ ಮಾಡದೇ ಬಿಡುತ್ತಾರೆ. ಕಮಿಟ್ ಮಾಡು. ನಿನ್ನದು ಮ್ಯಾಕ್, ಆಫೀಸಿನ ಪೈಪ್‌ಲೈನ್ ಲಿನಕ್ಸ್. ಎರಡಕ್ಕೂ ಸೇರಿಸಿ ‘ಪ್ರೊವೈಡರ್ಸ್ ಲಾಕ್’ ಓಡಿಸದಿದ್ದರೆ ಅಲ್ಲಿ ಚೆಕ್‌ಸಮ್ (ಇಳಿಸಿದ ಫೈಲಿನ ಗುರುತು ಸಂಖ್ಯೆ) ತಾಳೆ ಆಗದೇ ನಿಂತುಬಿಡಬಹುದು. ಕೋಡಿನಲ್ಲಿ ವರ್ಷನ್ ಬರೆಯುವಾಗ ‘~> 4.0’ ಅಂದರೆ ನಾಲ್ಕರ ಯಾವುದೂ ಬರಬಹುದು, ಐದು ಬರುವುದಿಲ್ಲ. ‘~> 4.16.0’ ಅಂದರೆ 4.16ರ ಸಣ್ಣ ತಿದ್ದುಪಡಿ ಮಾತ್ರ. ಕೊನೆಗೆ ಒಂದು ಅಂಕೆ ಹೆಚ್ಚಾದರೆ ಅರ್ಥವೇ ಬೇರೆ, ಗಮನ ಇಟ್ಟು ಬರಿ.

ಶನಿವಾರ ಒಬ್ಬಳೇ ಕೂರುವುದೂ ನನಗೆ ಸರಿ ಕಾಣುವುದಿಲ್ಲ. ಮಂಗಳವಾರವೋ ಬುಧವಾರವೋ, ಪಕ್ಕದಲ್ಲಿ ಟೀಮಿನವರು ಇರುವಾಗ, ಮೊದಲು ಟೆಸ್ಟ್ ಕ್ಲಸ್ಟರ್‌ನಲ್ಲಿ ಮಾಡು. ನಿಮ್ಮ ಮ್ಯಾನೇಜರ್ ಅವಸರ ಮಾಡಿದರೆ, ಹಳೇ ಪ್ಲಾನ್ ಸ್ವಚ್ಛ ಆಗಲಿಕ್ಕೆ ಮೂರು ದಿನ ಬೇಕು ಅಂತ ನೇರವಾಗಿ ಹೇಳು. ನಾನು ಆ ವಯಸ್ಸಿನಲ್ಲಿ ಕೇಳಲಿಕ್ಕೆ ಹೆದರಿದೆ. ನೀನು ಹೆದರಬೇಡ.

ಪ್ಲಾನ್ ನನಗೆ ಕಳಿಸಬೇಡ, ಅದರಲ್ಲಿ ಆಫೀಸಿನ ಗುಟ್ಟು ಇರುತ್ತದೆ. ‘ಫೋರ್ಸಸ್ ರಿಪ್ಲೇಸ್‌ಮೆಂಟ್’ ಅಂತ ಎಲ್ಲಾದರೂ ಕಂಡರೆ, ಯಾವ ಥರದ ರಿಸೋರ್ಸ್ ಅಂತ ಮಾತ್ರ ಹೇಳು, ಕೂತು ಯೋಚಿಸೋಣ. ಸಂಜೆ ಏಳರೊಳಗೆ ಫೋನ್ ಮಾಡು. ಈಗ ದಿನಾ ರಾತ್ರಿ ಗುಡುಗಿಗೆ ಕರೆಂಟ್ ಹೋಗ್ತಿದೆ, ಟವರೂ ಅದರ ಜೊತೆಗೇ ಹೋಗುತ್ತದೆ.

ನಿನ್ನ
ಅತ್ತೆ