ಅಗ್ನಿವೀರರನ್ನು ಈಗಲಾದರೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ಸೈನ್ಯಕ್ಕೆ ನಾಲ್ಕು ವರ್ಷಕ್ಕೆ ಮಾತ್ರ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯ ಮೊದಲ ತಂಡದ ಹುಡುಗರಿಗೆ, ಅಂದರೆ ಅಗ್ನಿವೀರರಿಗೆ, ನಾಲ್ಕು ವರ್ಷ ತುಂಬುವುದು 2026ರ ಕೊನೆಯ ಹೊತ್ತಿಗೆ. ನೂರಕ್ಕೆ 25 ಮಂದಿ ಮಾತ್ರ ಕಾಯಂ ಎನ್ನುವುದು ಯೋಜನೆಯ ಮೂಲ ನಿಯಮ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ತೆಗೆದುಕೊಂಡು ಮನೆಗೆ ಬರಬೇಕು, ಪಿಂಚಣಿ ಇಲ್ಲ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಸೈನ್ಯದಲ್ಲಿ ಚಿಕ್ಕ ವಯಸ್ಸಿನವರು ಜಾಸ್ತಿ ಇರಲಿ ಎಂಬ ಮಾತಿನಲ್ಲಿ ಹುರುಳಿದೆ. ನನ್ನ ತಕರಾರು ಇರುವುದು ಜನ ಏನನ್ನುತ್ತಾರೆ ಎಂದು ದೆಹಲಿ ತಿಳಿದುಕೊಂಡ ರೀತಿಯ ಬಗ್ಗೆ.

2022ರ ಜೂನ್ 14ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಮೂರೂ ಪಡೆಗಳ ಮುಖ್ಯಸ್ಥರ ಜೊತೆ ಕೂತು ಯೋಜನೆ ಪ್ರಕಟಿಸಿದರು. ವಯಸ್ಸು ಹದಿನೇಳೂವರೆಯಿಂದ 21. ಮರುದಿನವೇ ಬಿಹಾರದಲ್ಲಿ ಹುಡುಗರು ಬೀದಿಗಿಳಿದರು, 16ಕ್ಕೆ ರೈಲುಗಳಿಗೆ ಬೆಂಕಿ ಬಿತ್ತು, ಅದೇ ರಾತ್ರಿ ಆ ವರ್ಷದ ಮಟ್ಟಿಗೆ ವಯಸ್ಸಿನ ಮಿತಿ 23 ಆಯಿತು. 17ಕ್ಕೆ ಸಿಕಂದರಾಬಾದ್ ನಿಲ್ದಾಣದಲ್ಲಿ ಪೊಲೀಸರ ಗುಂಡಿಗೆ ಒಬ್ಬ ಯುವಕ ಸತ್ತ. 18ಕ್ಕೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅಗ್ನಿವೀರರಿಗೆ ಶೇ 10 ಮೀಸಲಾತಿ ಬಂತು.

ಈ ವಯಸ್ಸಿನ ವಿಷಯ ತಿಳಿಯಲು ರೈಲು ಸುಡಬೇಕಿತ್ತೇ? ಕೋವಿಡ್ ನೆಪದಲ್ಲಿ ಎರಡು ವರ್ಷ ಭರ್ತಿಯೇ ಮುಗಿದಿರಲಿಲ್ಲ. ಎಷ್ಟೋ ಹುಡುಗರು ಫಿಸಿಕಲ್, ಮೆಡಿಕಲ್ ಎರಡೂ ಪಾಸಾಗಿ, ಇವತ್ತು ನಾಳೆ ಎಂದು ಲಿಖಿತ ಪರೀಕ್ಷೆಗೆ ಕಾಯುತ್ತಾ ವಯಸ್ಸು ಮೀರಿ ಕೂತಿದ್ದರು. ನಮ್ಮ ಬೆಳಗಾವಿ ಕಡೆ ಬೆಳಿಗ್ಗೆ ಕತ್ತಲಲ್ಲೇ ಎದ್ದು ಓಡುವ ಯಾವ ಹುಡುಗನನ್ನು ಕೇಳಿದ್ದರೂ ಎರಡು ನಿಮಿಷದಲ್ಲಿ ಹೇಳುತ್ತಿದ್ದ.

ಜೂನ್ 20ಕ್ಕೆ ಪ್ರಧಾನಿ ಮೋದಿ ಬೆಂಗಳೂರಿಗೆ ಬಂದಿದ್ದರು. ಕೆಲವು ನಿರ್ಧಾರ ಈಗ ಸರಿಯಿಲ್ಲ ಅನಿಸಬಹುದು, ಮುಂದೆ ದೇಶ ಕಟ್ಟಲು ನೆರವಾಗುತ್ತವೆ ಎಂಬರ್ಥದಲ್ಲಿ ಮಾತಾಡಿದರು, ಯೋಜನೆಯ ಹೆಸರು ಎತ್ತಲಿಲ್ಲ. ಮರುದಿನ ಭದ್ರತಾ ಸಲಹೆಗಾರ ಅಜಿತ್ ಡೋಭಾಲ್ ಸಂದರ್ಶನ ಕೊಟ್ಟು, ವಾಪಸ್ ಪಡೆಯುವ ಪ್ರಶ್ನೆಯೇ ಇಲ್ಲ ಎಂದರು. ಪ್ರತಿಭಟನೆ ಮಾಡುವವರಲ್ಲಿ ಎರಡು ಬಗೆ, ಕೆಲವರಿಗೆ ನಿಜವಾದ ಆತಂಕವಿದೆ, ಇನ್ನು ಕೆಲವರಿಗೆ ದೇಶದ ಶಾಂತಿಯ ಚಿಂತೆಯಿಲ್ಲ ಎಂದೂ ಹೇಳಿದರು. ಒಪ್ಪೋಣ, ಬೆಂಕಿ ಹಚ್ಚಿದವರ ಮೇಲೆ ಕೇಸು ಬೀಳಲೇಬೇಕು. ಆದರೆ ನಿಜವಾದ ಆತಂಕದ ಹುಡುಗರ ವಿಷಯವನ್ನು ನಾಯಕನ ಕಿವಿಗೆ ಮೊದಲೇ ಹಾಕುವುದು ಸಲಹೆಗಾರರ ಕೆಲಸ ಅಲ್ವಾ? ಆಮೇಲೆ ಟಿವಿಯಲ್ಲಿ ಸಮಜಾಯಿಷಿ ಕೊಡಲು ಮಂತ್ರಿಗಳಿದ್ದಾರೆ.

ರಕ್ಷಣೆಯ ವಿಷಯ, ಎಲ್ಲವನ್ನೂ ಸಂತೆಯಲ್ಲಿ ಚರ್ಚಿಸಲು ಆಗುವುದಿಲ್ಲ ಎನ್ನುತ್ತಾರೆ. ಯುದ್ಧದ ಯೋಜನೆಯಾದರೆ ಸರಿ. ಸಂಬಳ, ವಯಸ್ಸು, ಪಿಂಚಣಿಯಲ್ಲಿ ಎಂಥ ಗುಟ್ಟು? ಮೂರು ವರ್ಷಕ್ಕೆ ಸೇರಿಸಿಕೊಳ್ಳುವ ‘ಟೂರ್ ಆಫ್ ಡ್ಯೂಟಿ’ ಯೋಚನೆ 2020ರಲ್ಲೇ ಪತ್ರಿಕೆಗಳಲ್ಲಿ ಬಂದಿತ್ತು. ಕೇಳಲು ಬೇಕಾದಷ್ಟು ಸಮಯ ಇತ್ತು.

ವಾಯುಪಡೆಗೆ ಮೊದಲ ಸುತ್ತಿನಲ್ಲೇ ಸುಮಾರು ಏಳೂವರೆ ಲಕ್ಷ ಅರ್ಜಿ ಬಂದಾಗ, ನೋಡಿ ಯುವಕರು ಒಪ್ಪಿದ್ದಾರೆ ಎಂದು ಹಿಗ್ಗಿದವರಿದ್ದಾರೆ. ಕೆಲಸವಿಲ್ಲದ ಹುಡುಗ ಅರ್ಜಿ ಹಾಕಿದ್ದು ಒಪ್ಪಿಗೆಯಾಗುವುದು ಹೇಗೆ? ಬೇರೆ ದಾರಿ ಇಲ್ಲದೆಯೂ ಹಾಕಿರಬಹುದು. 2024ರ ಚುನಾವಣೆ ಮುಗಿಯುತ್ತಿದ್ದಂತೆ ಮಿತ್ರಪಕ್ಷ ಜೆಡಿಯುವೇ ಮರುಪರಿಶೀಲನೆ ಕೇಳಿತು.

ಈಗ ಇನ್ನೊಂದು ಅವಕಾಶ ಇದೆ. ನಾಲ್ಕು ವರ್ಷ ದುಡಿದ ಹುಡುಗರಿಗೆ ಸುಮ್ನೆ ಬೀಳ್ಕೊಡುಗೆ ಕೊಟ್ಟು ಕಳಿಸುವ ಬದಲು, ಅವರನ್ನೂ ಅವರ ಅಪ್ಪ ಅಮ್ಮಂದಿರನ್ನೂ ತರಬೇತಿ ಕೊಟ್ಟ ಹವಾಲ್ದಾರರನ್ನೂ ಕೂರಿಸಿ ಕೇಳಲಿ, ಹೆಸರು ಬರೆಸದೆ ಕೇಳಲಿ. ಬೆಳಗಾವಿಯ ಮರಾಠಾ ರೆಜಿಮೆಂಟ್ ಕೇಂದ್ರದಿಂದಲೋ ಕೊಡಗಿನಿಂದಲೋ ಶುರು ಮಾಡಬಹುದು. ಬಂದ ಉತ್ತರ ಕಹಿಯಾಗಿದ್ದರೂ ಪ್ರಕಟಿಸಲಿ, ಮುಂದಿನ ಭರ್ತಿಯ ನೋಟಿಸ್ ಬರುವ ಮೊದಲು.

– ಒಬ್ಬ ನಿವೃತ್ತ ದೈಹಿಕ ಶಿಕ್ಷಕ, ಬೈಲಹೊಂಗಲ