ಲೋಕಾಯುಕ್ತಕ್ಕೆ ಹೋಗುವ ಮುನ್ನ ವಲಯ ಕಚೇರಿಯ ಸ್ವೀಕೃತಿ ಕೈಯಲ್ಲಿರಲಿ

ಮಾನ್ಯ ಸಂಪಾದಕರೇ,

‘ಲೋಕಾಯುಕ್ತಕ್ಕೆ ಬರೆದರೂ ಏನೂ ಆಗಲಿಲ್ಲ’ ಎಂಬ ಮಾತು ಹುಬ್ಬಳ್ಳಿ–ಧಾರವಾಡದಲ್ಲಿ ತುಂಬಿದ ಗಟಾರಿನಷ್ಟೇ ಸಾಮಾನ್ಯ. ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಪಾಲಿಕೆ, ನಗರಸಭೆಗಳ ಮೇಲಿನ ಎಷ್ಟೋ ದೂರುಗಳು ಬೆಂಗಳೂರು ಮುಟ್ಟುವ ಮೊದಲೇ ಸೋತಿರುತ್ತವೆ. ವಲಯ ಕಚೇರಿಯ ಆವಕ ಟೇಬಲ್ಲಿನ ಮುಂದೆ, ಮೊದಲ ಅರ್ಜಿ ಕೊಟ್ಟ ದಿನವೇ ಅವು ಹಳ್ಳ ಹಿಡಿದಿರುತ್ತವೆ.

ಕರ್ನಾಟಕ ಲೋಕಾಯುಕ್ತ ಕಾಯ್ದೆ 1984ರದ್ದು. ಅದು ನಾಗರಿಕರ ದೂರನ್ನು ಎರಡು ಬಗೆಯಾಗಿ ನೋಡುತ್ತದೆ. ನೌಕರನ ನಿರ್ಲಕ್ಷ್ಯದಿಂದಲೋ ವಿನಾಕಾರಣ ವಿಳಂಬದಿಂದಲೋ ನಿಮಗೆ ತೊಂದರೆಯಾಗಿದ್ದರೆ ಅದು ಕುಂದುಕೊರತೆ. ಲಂಚ, ಸ್ವಜನಪಕ್ಷಪಾತ, ಅಧಿಕಾರ ದುರುಪಯೋಗವಾದರೆ ಅದು ಆರೋಪ. ಕುಂದುಕೊರತೆಗೆ ಗಡುವು ಸಂಗತಿ ತಿಳಿದ ದಿನದಿಂದ ಆರು ತಿಂಗಳು. ಆರೋಪಕ್ಕೆ ಐದು ವರ್ಷ. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಒಪ್ಪಿಕೊಳ್ಳಲು ಅವಕಾಶವಿದೆ. ಅದನ್ನೇ ನಂಬಿ ಕೂರುವುದು ಜಾಣತನವಲ್ಲ. ‘ಮೂರು ವರ್ಷದಿಂದ ಬೀದಿದೀಪ ಹತ್ತುತ್ತಿಲ್ಲ’ ಎಂದು ಸಿಟ್ಟಿನಲ್ಲಿ ಬರೆದ ಮೊದಲ ಸಾಲೇ ಗಡುವು ಮೀರಿದ್ದಕ್ಕೆ ಸಾಕ್ಷಿಯಾಗಿಬಿಡುತ್ತದೆ. ಅಂಥವರು ಈಗಲೇ ಹೊಸದಾಗಿ ಅರ್ಜಿ ಕೊಟ್ಟು, ಅದಕ್ಕೂ ಕ್ರಮ ಆಗದಿದ್ದಾಗ ಆ ನಿರ್ಲಕ್ಷ್ಯವನ್ನೇ ತಾರೀಖು ಸಹಿತ ದೂರಿನಲ್ಲಿ ಹೇಳಬೇಕು.

ಆ ಅರ್ಜಿ ಹೇಗಿರಬೇಕು? ವಾರ್ಡಿನ ಸದಸ್ಯರಿಗೆ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಅರ್ಜಿಯ ಲೆಕ್ಕಕ್ಕೆ ಬರುವುದಿಲ್ಲ. ಆರೋಗ್ಯ ನಿರೀಕ್ಷಕರಿಗೆ ಫೋನಿನಲ್ಲಿ ಹೇಳಿದ್ದೂ ಬರುವುದಿಲ್ಲ. ಎರಡು ಪ್ರತಿ ಒಯ್ಯಬೇಕು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಆವಕ ಸಂಖ್ಯೆ, ತಾರೀಖು, ಮೊಹರು ಹಾಕಿಸಿಕೊಳ್ಳಬೇಕು. ಮೊಹರು ಹಾಕಲು ಸತಾಯಿಸಿದರೆ ಅದೇ ಅರ್ಜಿಯನ್ನು ಆಯುಕ್ತರ ಹೆಸರಿಗೆ ಸ್ಪೀಡ್ ಪೋಸ್ಟಿನಲ್ಲಿ ಹಾಕಿ ಚೀಟಿ ಇಟ್ಟುಕೊಳ್ಳಬೇಕು. ‘ನಮ್ಮ ಓಣಿಯಲ್ಲಿ ಸ್ವಚ್ಛತೆ ಇಲ್ಲ’ ಎಂದು ಬರೆದರೆ ‘ಸ್ವಚ್ಛಗೊಳಿಸಲಾಗಿದೆ’ ಎಂಬ ಉತ್ತರ ಸಲೀಸಾಗಿ ಬರುತ್ತದೆ. ‘ಇಂಥ ಅಡ್ಡರಸ್ತೆಯಲ್ಲಿ, ಇಂಥ ಸಂಖ್ಯೆಯ ವಿದ್ಯುತ್ ಕಂಬದಿಂದ ತಿರುವಿನ ತನಕ ಅಂದಾಜು 40 ಮೀಟರ್ ಗಟಾರಿನಲ್ಲಿ ಹೂಳು ತುಂಬಿದೆ, ಎರಡು ಕಡೆ ಹಾಸುಗಲ್ಲು ಒಡೆದಿದೆ, ಮಳೆ ಬಂದರೆ ನೀರು ಮನೆಯ ಮೆಟ್ಟಿಲಿಗೆ ಬರುತ್ತದೆ’ ಎಂದು ಬರೆದು ನೋಡಿ. ಸ್ಥಳಕ್ಕೆ ಬರದೆ ಉತ್ತರ ಬರೆಯುವುದು ಎಂಜಿನಿಯರಿಗೂ ಕಷ್ಟವಾಗುತ್ತದೆ. ಫೋಟೊದಲ್ಲಿ ತಾರೀಖು ಮತ್ತು ಜಾಗ ಮೂಡುವ ಕ್ಯಾಮೆರಾ ಆ್ಯಪ್ ಬಳಸಿ, ಒಂದು ಕಂಬವನ್ನೋ ಅಂಗಡಿಯ ಫಲಕವನ್ನೋ ಚೌಕಟ್ಟಿನೊಳಗೆ ಸೇರಿಸಿ ತೆಗೆಯಿರಿ.

ಅರ್ಜಿ ಯಾರಿಗೆ ಕೊಡಬೇಕು ಎಂಬಲ್ಲಿ ಅವಳಿ ನಗರದಷ್ಟು ಗೊಂದಲ ಬೇರೆ ಕಡೆ ಇರಲಿಕ್ಕಿಲ್ಲ. ರಸ್ತೆ ಲೋಕೋಪಯೋಗಿ ಇಲಾಖೆಯದು, ಪಕ್ಕದ ಗಟಾರು ಪಾಲಿಕೆಯದು, ನಡುವಿನ ಬಸ್ ಪಥ ಬಿಆರ್‌ಟಿಎಸ್‌ನದು. ಬಡಾವಣೆ ನಗರಾಭಿವೃದ್ಧಿ ಪ್ರಾಧಿಕಾರ ‘ಹುಡಾ’ದ್ದೋ ಖಾಸಗಿಯವರದ್ದೋ ಆಗಿದ್ದರೆ ‘ಇನ್ನೂ ಪಾಲಿಕೆಗೆ ಹಸ್ತಾಂತರವಾಗಿಲ್ಲ’ ಎಂಬ ಒಂದೇ ಸಾಲಿನ ಹಿಂಬರಹ ಸಿದ್ಧವಿರುತ್ತದೆ. ಆ ಹಿಂಬರಹವನ್ನು ಹರಿದೆಸೆಯಬೇಡಿ. ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಬರಹದಲ್ಲೇ ಕೊಡಿ ಎಂದು ಕೇಳಿ. ಹಸ್ತಾಂತರವಾಗದ ಬಡಾವಣೆಯಿಂದ ಆಸ್ತಿ ತೆರಿಗೆ ವಸೂಲಾಗುತ್ತಿದ್ದರೆ ಆ ರಸೀದಿಯ ಪ್ರತಿಯನ್ನೂ ಜೊತೆಗೆ ಲಗತ್ತಿಸಿ. ಕಸದ ಗಾಡಿ, ನಳದ ನೀರಿನ ವಿಷಯದಲ್ಲಿ ಕೆಲಸ ಮಾಡುವವರು ಗುತ್ತಿಗೆ ಕಂಪನಿಯವರಾಗಿದ್ದರೆ, ಆ ಕಂಪನಿಯ ಸಿಬ್ಬಂದಿಯ ಹೆಸರು ಬರೆದು ಉಪಯೋಗವಿಲ್ಲ. ಕೆಲಸದ ಮೇಲ್ವಿಚಾರಣೆ ಯಾವ ಅಧಿಕಾರಿಯದೋ ಅವರ ಹುದ್ದೆ ಬರೆಯಬೇಕು. ಬರೀ ‘ಮಹಾನಗರ ಪಾಲಿಕೆ’ ಎಂದು ಎದುರುದಾರರ ಜಾಗದಲ್ಲಿ ತುಂಬಿದ ಅರ್ಜಿಗಳೂ ಹೀಗೇ ಸೊರಗುತ್ತವೆ, ಏಕೆಂದರೆ ಕಾಯ್ದೆ ವಿಚಾರಿಸುವುದು ಸಾರ್ವಜನಿಕ ನೌಕರರನ್ನು. ಗದಗ–ಬೆಟಗೇರಿ, ಹಾವೇರಿ ನಗರಸಭೆಗಳಲ್ಲಿ ಪೌರಾಯುಕ್ತರು, ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿ ಎಂದು ಹುದ್ದೆ ನಮೂದಿಸಿದರೂ ನಡೆಯುತ್ತದೆ, ಹೆಸರು ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಇಷ್ಟಾದ ಮೇಲೆ ಲೋಕಾಯುಕ್ತದ ದೂರು. ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ನೋಟರಿ ಮುಂದೆ ಪ್ರಮಾಣೀಕರಿಸಿದ ಅಫಿಡವಿಟ್. ಅಫಿಡವಿಟ್ ಇಲ್ಲದ ದೂರು ಬರೀ ಮನವಿ ಪತ್ರ. ಮುಖ್ಯಮಂತ್ರಿಗೆ, ಜಿಲ್ಲಾಧಿಕಾರಿಗೆ ಬರೆದು ಕೊನೆಯಲ್ಲಿ ‘ಪ್ರತಿ: ಲೋಕಾಯುಕ್ತರಿಗೆ’ ಎಂದು ಹಾಕಿದ್ದಕ್ಕೂ ಅದೇ ಗತಿ. ಒಂದು ದೂರಿನಲ್ಲಿ ಒಂದೇ ವಿಷಯ ಇರಲಿ. ಗಟಾರು, ನಾಯಿ ಕಾಟ, ಪಕ್ಕದ ಮನೆಯ ಅಕ್ರಮ ಕಟ್ಟಡ ಮೂರನ್ನೂ ಒಂದೇ ಹಾಳೆಯಲ್ಲಿ ತುಂಬಬೇಡಿ. ಮೂಲ ದಾಖಲೆ ಕಳಿಸದೆ ನಕಲು ಪ್ರತಿ ಕಳಿಸಿ. ಕುಂದುಕೊರತೆಯ ದೂರನ್ನು ತೊಂದರೆಗೊಳಗಾದವರೇ ಕೊಡಬೇಕು, ಹೀಗಾಗಿ ಓಣಿಯ ಉತ್ಸಾಹಿಗಳು ಊರಿನವರ ಪರವಾಗಿ ಬರೆಯುವ ಬದಲು ಆ ಗಟಾರಿನ ಬದಿಯ ಮನೆಯವರಿಂದ ಬರೆಸುವುದು ಮೇಲು. ಧಾರವಾಡ, ಗದಗ, ಹಾವೇರಿಗಳಲ್ಲಿ ಲೋಕಾಯುಕ್ತ ಪೊಲೀಸ್ ಕಚೇರಿಗಳಿವೆ. ಅಲ್ಲಿನ ಅಧಿಕಾರಿಗಳು ತಾಲ್ಲೂಕುಗಳಲ್ಲಿ ನಡೆಸುವ ಅಹವಾಲು ಸಭೆಗಳಲ್ಲೂ ದೂರು ಕೊಡಬಹುದು.

ದೂರು ದಾಖಲಾದ ಮೇಲೆ ಪ್ರಾಥಮಿಕ ವಿಚಾರಣೆಯಲ್ಲಿ ಅದರ ಪ್ರತಿ ಸಂಬಂಧಪಟ್ಟ ಅಧಿಕಾರಿಗೆ ಹೋಗುತ್ತದೆ, ಅವರಿಂದ ವಿವರಣೆ ಬರುತ್ತದೆ. ದೂರು ಹೆಚ್ಚಾಗಿ ಸಾಯುವುದು ಇಲ್ಲಿಯೇ. ವಿವರಣೆಗೆ ಲಗತ್ತಿಸಿದ ಫೋಟೊದಲ್ಲಿ ಗಟಾರು ಲಕಲಕ ಹೊಳೆಯುತ್ತಿರುತ್ತದೆ. ಯಾವ ದಿನದ್ದು, ಯಾವ ತುದಿಯದು ಎಂಬುದು ಇರುವುದಿಲ್ಲ. ಹೂಳನ್ನು ಮೇಲೆತ್ತಿ ದಂಡೆಯ ಮೇಲೇ ಗುಡ್ಡೆ ಹಾಕಿದ್ದು ಚೌಕಟ್ಟಿನ ಹೊರಗೆ ಉಳಿದಿರುತ್ತದೆ, ಮುಂದಿನ ಮಳೆಗೆ ಅದೇ ಹೂಳು ಮತ್ತೆ ಒಳಗೆ. ಆ ವಿವರಣೆಗೆ ಪ್ರತ್ಯುತ್ತರ ಕೊಡಿ ಎಂಬ ಪತ್ರ ದೂರುದಾರರಿಗೆ ಬಂದಾಗ ‘ನೋಡೋಣ’ ಎಂದು ಕಪಾಟಿನಲ್ಲಿಟ್ಟರೆ, ಸಮಾಧಾನವಾಗಿದೆ ಎಂದೇ ಭಾವಿಸಿ ಕಡತ ಮುಗಿಸುವುದುಂಟು. ಪತ್ರ ಬಂದ ವಾರದೊಳಗೆ ಅದೇ ಕಂಬ, ಅದೇ ಕೋನದಿಂದ ಹೊಸ ಫೋಟೊ ತೆಗೆದು, ವಿವರಣೆಯ ಯಾವ ಸಾಲು ಹೇಗೆ ಸರಿಯಿಲ್ಲ ಎಂದು ಸಾಲುಸಾಲಾಗಿ ಬರೆದು, ದೂರಿನ ಸಂಖ್ಯೆ ನಮೂದಿಸಿ ಕಳಿಸಬೇಕು.

ಜೊತೆಗೆ ಮಾಹಿತಿ ಹಕ್ಕಿನ ಒಂದು ಅರ್ಜಿ ಹಾಕಿ: ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ಆ ಗಟಾರಿನ ದುರಸ್ತಿಯ ಕಾರ್ಯಾದೇಶ, ಅಳತೆ ಪುಸ್ತಕದ (ಆದ ಕೆಲಸವನ್ನು ಅಳೆದು ಬರೆದಿಡುವ ದಾಖಲೆ) ಪುಟ, ಪಾವತಿಸಿದ ಬಿಲ್ಲು ಕೇಳಿ. ಆಗದ ಕೆಲಸಕ್ಕೆ ಅಳತೆ ಬರೆದು ಬಿಲ್ಲು ಎತ್ತಿದ್ದು ಕಂಡುಬಂದರೆ ದೂರಿನ ಸ್ವರೂಪವೇ ಬದಲಾಗಿ ಕುಂದುಕೊರತೆ ಹೋಗಿ ಆರೋಪವಾಗುತ್ತದೆ, ಗಡುವೂ ಹಿಗ್ಗುತ್ತದೆ. ಅಧಿಕಾರಿಗಳು ಅಂಜುವುದು ಈ ಅಳತೆ ಪುಸ್ತಕಕ್ಕೇ.

ಲೋಕಾಯುಕ್ತದ ಮಿತಿಯನ್ನೂ ಹೇಳಬೇಕು. ಕುಂದುಕೊರತೆ ನಿಜವೆಂದು ಕಂಡರೆ ಇಂತಿಷ್ಟು ಅವಧಿಯಲ್ಲಿ ಸರಿಪಡಿಸಿ ಎಂದು ಶಿಫಾರಸು ಮಾಡಬಹುದು. ಅವಧಿ ಮುಗಿದ ಒಂದು ತಿಂಗಳೊಳಗೆ ಏನು ಮಾಡಿದಿರಿ ಎಂದು ಅಧಿಕಾರಿ ತಿಳಿಸಬೇಕು. ಆರೋಪದ ವರದಿಯ ಮೇಲೆ ಸಕ್ಷಮ ಪ್ರಾಧಿಕಾರ (ಆ ನೌಕರನ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರವುಳ್ಳವರು) ಮೂರು ತಿಂಗಳೊಳಗೆ ಕ್ರಮ ತಿಳಿಸಬೇಕು, ಆ ಕ್ರಮ ತೃಪ್ತಿಕರವಲ್ಲದಿದ್ದರೆ ಲೋಕಾಯುಕ್ತರಿಂದ ರಾಜ್ಯಪಾಲರಿಗೆ ವಿಶೇಷ ವರದಿ. ಗಟಾರು ತೆಗೆಸಲು ಸಲಿಕೆ ಹಿಡಿಯುವ ಅಧಿಕಾರ ಲೋಕಾಯುಕ್ತರಿಗಿಲ್ಲ. ಬೇರೆ ಸೂಕ್ತ ಪರಿಹಾರ ಮಾರ್ಗ ಇದ್ದರೆ ದೂರು ಕೈಬಿಡಲೂ ಬಹುದು. ಖಾತೆ ಬದಲಾವಣೆ, ಜನನ–ಮರಣ ಪ್ರಮಾಣಪತ್ರದಂಥವಕ್ಕೆ ಮೊದಲು ‘ಸಕಾಲ’ದ (ಸರ್ಕಾರಿ ಸೇವೆಯನ್ನು ನಿಗದಿತ ದಿನಗಳೊಳಗೆ ಕೊಡಬೇಕೆನ್ನುವ ಕಾಯ್ದೆ) ಅಡಿ ಮೇಲ್ಮನವಿ ಹಾಕಿ. ತಡವಾದ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕೂ ಇದೆ, ಕೇಳುವವರು ಮಾತ್ರ ಕಾಣೆ. ರಾಜ್ಯ ಸರ್ಕಾರದ 1902 ಸಹಾಯವಾಣಿಯಲ್ಲಿ ಅಹವಾಲು ದಾಖಲಿಸಿದ್ದರೆ ಅದರ ನೋಂದಣಿ ಸಂಖ್ಯೆಯನ್ನೂ ದೂರಿನಲ್ಲಿ ಬರೆಯಿರಿ. ಹೆಸ್ಕಾಂ ವಿದ್ಯುತ್ ಬಿಲ್ಲಿನ ತಕರಾರಿಗೆ ಗ್ರಾಹಕರ ಕುಂದುಕೊರತೆ ವೇದಿಕೆ, ಆಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಎಂಬ ಬೇರೆಯೇ ದಾರಿ ಇದೆ.

ಪಾಲಿಕೆಯಿಂದ ಎರಡು ಕೆಲಸ ಆಗಬೇಕು. ಪ್ರತಿ ವಲಯ ಕಚೇರಿಯ ಬಾಗಿಲಲ್ಲಿ ಯಾವ ರಸ್ತೆ, ಯಾವ ಬಡಾವಣೆ ಯಾರ ಸುಪರ್ದಿಯಲ್ಲಿದೆ, ಜವಾಬ್ದಾರ ಎಂಜಿನಿಯರ್ ಯಾರು ಎಂಬ ಪಟ್ಟಿ ಹಾಕಬೇಕು. ದುರಸ್ತಿಯಾಗಿದೆ ಎಂದು ವರದಿ ಕಳಿಸುವ ಮುನ್ನ ದೂರುದಾರರನ್ನು ಸ್ಥಳಕ್ಕೆ ಕರೆದು, ಅವರ ಸಹಿ ಪಡೆಯಬೇಕು. ಸಹಿ ಇಲ್ಲದ ಫೋಟೊವನ್ನು ಒಪ್ಪುವುದಿಲ್ಲ ಎಂದು ಲೋಕಾಯುಕ್ತ ಕಚೇರಿ ಒಂದು ಸುತ್ತೋಲೆ ಹೊರಡಿಸಲಿ.

— ದೂರು ಬರೆದುಕೊಡುವ ಕೆಲವು ನಿವೃತ್ತ ನೌಕರರು, ಮಾಳಮಡ್ಡಿ, ಧಾರವಾಡ