ಮಗಳಿಗೊಂದು ಪತ್ರ: ಕೇಳುವವರು ಒಂಬತ್ತೇ ಜನ ಇದ್ದರೂ

ಪ್ರೀತಿಯ ಪುಟ್ಟಿ,

ಕಾಲೇಜಿನಲ್ಲಿ ನೀವೇ ಸೇರಿಕೊಂಡು ರೇಡಿಯೋ ಶುರು ಮಾಡಿದ್ದೀರಿ ಅಂತ ಓದಿ ನನಗಾದ ಖುಷಿ ಅಷ್ಟಿಷ್ಟಲ್ಲ. ಆದರೆ ಅದೇ ಮೆಸೇಜಿನ ಕೊನೆಯಲ್ಲಿ "ಕೇಳಿದ್ದು ಒಂಬತ್ತೇ ಜನ ಅಮ್ಮಾ" ಅಂತಲೂ ಬರೆದಿದ್ದೀಯಲ್ಲ, ಅದಕ್ಕೇ ಈ ಪತ್ರ. ಇಷ್ಟೆಲ್ಲ ಫೋನಿನಲ್ಲಿ ಹೇಳೋಕೆ ಆಗಲ್ಲ.

1936ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಏಬ್ರಹಾಂ, ಡೇವಿಡ್ ಬೋರ್ಸ್ಟ್ ಅಂತ ಇಬ್ಬರು ವಿದ್ಯಾರ್ಥಿಗಳಿದ್ದರು. ಹಾಸ್ಟೆಲಿನ ರೂಮಿನಿಂದ ರೂಮಿಗೆ, ಕಟ್ಟಡದಿಂದ ಕಟ್ಟಡಕ್ಕೆ ತಂತಿ ಎಳೆದು ಹಾಡು, ಮಾತು ಕೇಳಿಸೋಕೆ ಶುರು ಮಾಡಿದರು. ಅದಕ್ಕೆ ಬ್ರೌನ್ ನೆಟ್‌ವರ್ಕ್ ಅಂತ ಹೆಸರಾಯಿತು. ವಿದ್ಯಾರ್ಥಿಗಳೇ ನಡೆಸುವ ಕಾಲೇಜು ರೇಡಿಯೋದ ಕತೆ ಹೇಳುವವರು ಸಾಮಾನ್ಯವಾಗಿ ಶುರು ಮಾಡುವುದು ಅಲ್ಲಿಂದಲೇ. ಎತ್ತರದ ಟವರ್ ಅವರಿಗೆ ಬೇಕಾಗಲಿಲ್ಲ. ಕಟ್ಟಡದ ಕರೆಂಟ್ ವೈರಿಂಗ್ ಇರುತ್ತದಲ್ಲ, ಅದಕ್ಕೇ ಸಣ್ಣ ಶಕ್ತಿಯ ರೇಡಿಯೋ ಸಿಗ್ನಲ್ ಸೇರಿಸುವ ವಿಧಾನ ಅದು. ವೈರಿನ ಹತ್ತಿರ ಇಟ್ಟ ರೇಡಿಯೋದಲ್ಲಿ ಕೇಳಿಸುತ್ತದೆ, ಕಟ್ಟಡದಿಂದ ಸ್ವಲ್ಪ ದೂರ ಹೋದರೆ ಇಲ್ಲ. ಅಂದರೆ ಅವರ ಕೇಳುಗರೆಲ್ಲ ಅದೇ ಹಾಸ್ಟೆಲಿನ ಹುಡುಗರು. ಅಷ್ಟು ಚಿಕ್ಕದಾಗಿ ಶುರುವಾದದ್ದು 1940ರ ಹೊತ್ತಿಗೆ ಬೇರೆ ಬೇರೆ ಕಾಲೇಜುಗಳ ಇಂಥ ರೇಡಿಯೋಗಳು ಸೇರಿ ಒಂದು ಸಂಘ ಕಟ್ಟಿಕೊಳ್ಳುವ ಮಟ್ಟಕ್ಕೆ ಬೆಳೆಯಿತು.

ನಮ್ಮ ದೇಶದಲ್ಲಿ ಕಾಲೇಜುಗಳಿಗೆ ರೇಡಿಯೋ ನಡೆಸಲು ಅನುಮತಿ ಕೊಡುವ ನೀತಿ ಬಂದದ್ದೇ 2002ರ ಕೊನೆಯಲ್ಲಿ. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಅಣ್ಣಾ ಎಫ್‌ಎಂ ಶುರುವಾಯಿತು. ಆಂಟೆನಾ ಇದ್ದರೂ ಇಂಥ ರೇಡಿಯೋಗಳು ಕೇಳಿಸುವುದು ಸುತ್ತಮುತ್ತಲಿನ ಕೆಲವೇ ಕಿಲೋಮೀಟರ್. ನೀವು ಸದ್ಯಕ್ಕೆ ಇಂಟರ್ನೆಟ್‌ನಲ್ಲಿ ಮಾಡುತ್ತಿದ್ದೀರಿ, ಇಡೀ ಪ್ರಪಂಚಕ್ಕೆ ಕೇಳಿಸಬಹುದು. ಹಾಗಂತ ಪ್ರಪಂಚಕ್ಕೆ ಮಾತಾಡಲು ಹೋಗಬೇಡ. ಲೈಬ್ರರಿ ಎಷ್ಟು ಹೊತ್ತಿನವರೆಗೆ ತೆಗೆದಿರುತ್ತದೆ, ಯಾವ ಕ್ಲಾಸಿನವರು ನಾಟಕ ಕಟ್ಟುತ್ತಿದ್ದಾರೆ, ಹೊಸದಾಗಿ ಸೇರಿದವರಿಗೆ ಏನು ಗೊತ್ತಾಗುತ್ತಿಲ್ಲ, ಇದನ್ನು ಬೇರೆ ಯಾವ ರೇಡಿಯೋನೂ ಹೇಳಲ್ಲ. ನಿಮ್ಮ ಬಲ ಇರುವುದು ಅಲ್ಲೇ.

ಇನ್ನು, ಹೇಳಿದ ಹೊತ್ತಿಗೆ ಸರಿಯಾಗಿ ಶುರು ಮಾಡಿ. ಸಂಜೆ ಆರು ಅಂದರೆ ಆರೇ. ದಿನಕ್ಕೆ ನಾಲ್ಕು ಗಂಟೆ ಪ್ರಸಾರ ಅಂತ ಹೊರಟು ಎರಡನೇ ವಾರಕ್ಕೇ ಸುಸ್ತಾಗುವುದಕ್ಕಿಂತ, ಅರ್ಧ ಗಂಟೆ ಮಾಡಿದರೂ ತಪ್ಪದೆ ಮಾಡುವುದು ಎಷ್ಟೋ ವಾಸಿ. ಕೇಳುವವರಿಗೆ ಅಭ್ಯಾಸ ಆಗಬೇಕು, ಅಲ್ವಾ? ಪರೀಕ್ಷೆ ವಾರಕ್ಕೆ ಬೇಕಾದ್ದನ್ನು ಮೊದಲೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಆ ವಾರ ಸ್ಟುಡಿಯೋಗೆ ಯಾರೂ ಬರಲ್ಲ, ಬರಬೇಕು ಅಂತ ಒತ್ತಾಯವನ್ನೂ ಮಾಡಬಾರದು.

ನಾನು ರೇಡಿಯೋದಲ್ಲಿ ಅರೆಕಾಲಿಕ ಉದ್ಘೋಷಕಿಯಾಗಿದ್ದಾಗ ಕಲಿತ ಸಣ್ಣಪುಟ್ಟ ವಿಷಯ ಕೆಲವು ಇವೆ. ಸ್ಕ್ರಿಪ್ಟಿನ ಹಾಳೆಗಳಿಗೆ ಪಿನ್ ಹೊಡೆಯಬೇಡ. ಒಂದೇ ಬದಿಗೆ ಬರೆದುಕೋ. ಓದಿ ಮುಗಿದ ಹಾಳೆಯನ್ನು ಮಗುಚಬೇಡ, ಮೆಲ್ಲಗೆ ಪಕ್ಕಕ್ಕೆ ಸರಿಸು. ಮಗುಚಿದರೆ ಆ ಪರಪರ ಸದ್ದು ಮೈಕಿನಲ್ಲಿ ದೊಡ್ಡದಾಗಿ ಕೇಳುತ್ತದೆ. ಒಂದು ವಾಕ್ಯ ಅರ್ಧ ಈ ಹಾಳೆಯಲ್ಲಿ, ಅರ್ಧ ಮುಂದಿನ ಹಾಳೆಯಲ್ಲಿ ಬರುವ ಹಾಗೆ ಬರೆಯಲೇಬೇಡ, ಉಸಿರು ಅಲ್ಲೇ ಎಡವುತ್ತದೆ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಒಂಚೂರು ಪಕ್ಕಕ್ಕೆ ತಿರುಗಿಸಿಕೋ. ನೇರ ಇದ್ದರೆ ಪ, ಫ, ಭ ಬಂದಾಗಲೆಲ್ಲ ಗಾಳಿ ಹೊಡೆದು ಡಬ್ ಅನ್ನುತ್ತದೆ. ಖಾಲಿ ಗೋಡೆಯ ರೂಮಿನಲ್ಲಿ ದನಿ ಗುಂಯ್ ಅನ್ನುತ್ತಿದ್ದರೆ ದಪ್ಪ ಕಂಬಳಿ ನೇತುಹಾಕಿ. ದುಬಾರಿ ಮೈಕ್ ಕೊಳ್ಳುವ ಮಾತು ಆಮೇಲೆ.

ಹಾಡಿನ ವಿಷಯ ಮಾತ್ರ ಸುಮ್ನೆ ಬಿಡಬೇಡಿ. ಸಿನಿಮಾ ಹಾಡು ಎಲ್ಲರ ಫೋನಿನಲ್ಲೂ ಇದೆ, ಆದರೆ ಪ್ರಸಾರ ಮಾಡಲು ಹಕ್ಕುದಾರರ ಅನುಮತಿ ಬೇಕು. ನಿಮ್ಮಲ್ಲೇ ಹಾಡುವವರು, ಕೊಳಲು ನುಡಿಸುವವರು, ಕವಿತೆ ಓದುವವರು ಇದ್ದೇ ಇರುತ್ತಾರೆ. ಅವರನ್ನು ಕೂರಿಸಿ. ಬರೆದವರ, ಹಾಡಿದವರ ಒಪ್ಪಿಗೆ ತೆಗೆದುಕೊಳ್ಳಿ, ಹೆಸರು ಹೇಳಿ.

ಈಗ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಕಾಲೇಜು ರೇಡಿಯೋಗೆ ದೊಡ್ಡ ತೊಂದರೆ ದುಡ್ಡಿನದಲ್ಲ, ಕೇಳುಗರದೂ ಅಲ್ಲ. ಕೆಲಸ ಚೆನ್ನಾಗಿ ಬರುವ ಹೊತ್ತಿಗೆ ಕೋರ್ಸೇ ಮುಗಿದಿರುತ್ತದೆ. ಶುರು ಮಾಡಿದ ತಂಡ ಒಟ್ಟಿಗೇ ಹೊರಟುಹೋಗುತ್ತದೆ. ಪಾಸ್‌ವರ್ಡ್ ಒಬ್ಬನ ತಲೆಯಲ್ಲಿ, ಮೈಕು, ಹಾಡುಗಳ ದನಿ ಸೇರಿಸುವ ಮಿಕ್ಸರ್ ಜೋಡಿಸುವುದು ಇನ್ನೊಬ್ಬಳ ಕೈಯಲ್ಲಿ, ಪ್ರಿನ್ಸಿಪಾಲರ ಹತ್ತಿರ ಮಾತಾಡುವುದು ಮತ್ತೊಬ್ಬರಿಗೆ ಮಾತ್ರ ಗೊತ್ತು. ಅವರು ಹೋದ ಮೇಲೆ ಬಂದವರು ಬಾಗಿಲು ತೆಗೆದು ನೋಡಿದರೆ ತಂತಿಗಳ ರಾಶಿ ಬಿಟ್ಟು ಏನೂ ಅರ್ಥವಾಗಲ್ಲ. ಅಲ್ಲಿಗೆ ರೇಡಿಯೋ ನಿಂತಿತು.

ಅದಕ್ಕೇ ಈಗಿನಿಂದಲೇ ಜೂನಿಯರ್‌ಗಳನ್ನು ಒಳಗೆ ಬಿಡು. ಚೆನ್ನಾಗಿ ಮಾತಾಡುವವರನ್ನಷ್ಟೇ ಆರಿಸಬೇಡ. ಮಾತಾಡಲು ನಾಚುವ ಹುಡುಗಿ ಎಡಿಟಿಂಗಿನಲ್ಲಿ ನಿಮ್ಮನ್ನೆಲ್ಲ ಮೀರಿಸಬಹುದು. ವಾರಕ್ಕೊಂದು ಕಾರ್ಯಕ್ರಮ ಪೂರ್ತಿ ಅವರ ಕೈಗೆ ಕೊಟ್ಟು ನೀನು ಹೊರಗೆ ಕೂತು ಕೇಳು. ಮಧ್ಯೆ ದನಿ ನಿಂತುಹೋಗಿ ಹತ್ತು ಸೆಕೆಂಡ್ ಏನೂ ಕೇಳಿಸದಿದ್ದರೆ ಒಳಗೆ ನುಗ್ಗಿ, ದನಿ ಏರಿಸಿ ಇಳಿಸುವ ಫೇಡರನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡ. ಸರಿಮಾಡಿಕೊಳ್ಳುವುದನ್ನು ಅವರೂ ಕಲಿಯಲಿ. ನಿನಗೆ ಅದು ಕಷ್ಟ ಅಂತ ಗೊತ್ತು ಪುಟ್ಟಿ. ಯಾವುದನ್ನೂ ಇನ್ನೊಬ್ಬರಿಗೆ ಬಿಟ್ಟುಕೊಡುವ ಸ್ವಭಾವ ನಿನ್ನದಲ್ಲ, ಚಿಕ್ಕವಳಿದ್ದಾಗಲೂ ಅಷ್ಟೇ.

ಒಂದು ಲಾಗ್ ಬುಕ್ ಇಡಿ. ಯಾವ ದಿನ ಏನು ಪ್ರಸಾರ ಆಯಿತು, ಯಾರು ಮಾಡಿದರು, ಯಾವ ವೈರ್ ಕೈಕೊಟ್ಟಿತು, ಎಲ್ಲ ಬರೆಯಿರಿ. ಮಿಕ್ಸರಿನ ವೈರುಗಳಿಗೆ ಚೀಟಿ ಅಂಟಿಸಿ. ರೆಕಾರ್ಡಿಂಗ್ ಫೈಲುಗಳಿಗೆ ತಾರೀಕು ಹಾಕಿ ಎರಡು ಕಡೆ ಇಡಿ, "ಫೈನಲ್", "ಹೊಸ ಫೈನಲ್" ಅಂತೆಲ್ಲ ಹೆಸರಿಡಬೇಡಿ. ಆ ಒಂಬತ್ತು ಜನ ಯಾರು ಅಂತ ಗೊತ್ತಾದರೆ ಅವರ ಹೆಸರನ್ನೂ ಮೊದಲ ಪುಟದಲ್ಲಿ ಬರೆದಿಡು. ಅವರಲ್ಲಿ ಇಬ್ಬರನ್ನಾದರೂ ಸ್ಟುಡಿಯೋಗೆ ಕರೆದು ಏನು ಇಷ್ಟವಾಯಿತು, ಎಲ್ಲಿ ಬೇಜಾರಾಯಿತು ಕೇಳು.

ಮೊದಲ ದಿನದ ರೆಕಾರ್ಡಿಂಗ್ ನನಗೂ ಕಳಿಸು. ತಪ್ಪುಗಳನ್ನೆಲ್ಲ ಕತ್ತರಿಸಿದ್ದು ಬೇಡ, ಇದ್ದ ಹಾಗೇ ಇರಲಿ. ಮುಂದಿನ ಪ್ರಸಾರ ಎಷ್ಟು ಹೊತ್ತಿಗೆ ಅಂತಲೂ ತಿಳಿಸು. ನಾನು, ಅಪ್ಪ ಇಬ್ಬರೂ ಕೂತು ಕೇಳುತ್ತೇವೆ.

ಪ್ರೀತಿಯಿಂದ,
ಅಮ್ಮ